ಸಾಲಿನ ಹಿಂದೆ ನಿಂತವಳು

ಈ ಸಲ ನಮ್ಮ ಮಸ್ಕಿ ಕಾಲೇಜಿನ ಹುಡುಗಿಯರ ಫುಟ್ಬಾಲ್ ಟೀಮು ಕಪ್ ಗೆದ್ದೇ ಗೆಲ್ಲುತ್ತದೆ ಅಂತ ಪತ್ರಿಕೆಯಲ್ಲಿ ಬಂದದ್ದು ಜೂನ್ ತಿಂಗಳಲ್ಲಿ. ಬರೆದವನು ಮಸ್ಕಿಯವನೇ. ಮೋಟರ್‌ಸೈಕಲ್ ಮೇಲೆ ಬಂದು, ಇಳಿಯುವ ಗೋಜಿಗೂ ಹೋಗದೆ ಕೂತಲ್ಲೇ ಪ್ರಶ್ನೆ ಕೇಳಿದ. ನಮ್ಮ ದೈಹಿಕ ಶಿಕ್ಷಣದ ಕನಕರಾಯ ಸರ್‌ಗೆ ಅಷ್ಟೇ ಸಾಕಾಗಿತ್ತು.

"ಹೋದ ವರ್ಷ ಫೈನಲ್ಲಿಗೆ ಹೋಗಿ ಒಂದ ಗೋಲಿನ್ಯಾಗ ಸೋತೇವ್ರಿ. ಈ ವರ್ಷ ಅದ ಟೀಮು, ಅದ ಡಿಫೆನ್ಸು. ಒಬ್ಬಾಕಿನೂ ಕಾಲೇಜು ಬಿಟ್ಟಿಲ್ಲ. ಪ್ರಿನ್ಸಿಪಾಲರ ಕಪಾಟಿನ್ಯಾಗ ಕಪ್ ಇಡಾಕ ಜಾಗಾ ಮಾಡಾಕತ್ತೀವಿ ಅಂತ ಬರ್ಕೋರಿ," ಅಂದರು ಸರ್.

ಅವನು ನನ್ನ ಕಡೆ ತಿರುಗಿ, "ನೀವ ಏನ್ರಿ ಕ್ಯಾಪ್ಟನ್? ನೀವೇನಂತೀರಿ?" ಅಂತ ಕೇಳಿದ. ನಾನು "ಹೂಂ" ಅಂದೆ. ಮರುದಿನದ ಪತ್ರಿಕೆಯಲ್ಲಿ 'ನಾಯಕಿ ಮೌನೇಶ್ವರಿ ಅಪಾರ ವಿಶ್ವಾಸ ವ್ಯಕ್ತಪಡಿಸಿದರು' ಅಂತ ಇತ್ತು. ನನ್ನ ಒಂದು ಹೂಂಗುಟ್ಟುವಿಕೆಯಲ್ಲಿ ಇಷ್ಟೆಲ್ಲ ಇರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ನಾನು ಗೋಲ್‌ಕೀಪರ್. ಮಾತು ಕಡಿಮೆ. ಹೆಸರಿಡುವಾಗಲೇ ನಿಮ್ಮಪ್ಪಗ ಗೊತ್ತಾಗಿತ್ತು ಬಿಡು ಅಂತ ಹಾಸ್ಟೆಲಿನ ಹುಡುಗಿಯರು ಕಾಡುತ್ತಾರೆ. ಕಾಡಲಿ. ಅವರಿಗೆ ಸಂಜೆಯಾದರೆ ಫೋನಿನಲ್ಲಿ ಕೇಳಲಿಕ್ಕೆ ನೂರು ಮಾತು ಇರುತ್ತವೆ: ಏನು ಅಡಿಗೆ, ಎಮ್ಮೆ ಈಯಿತೋ ಇಲ್ಲವೋ, ಅಕ್ಕ ಬಂದಳೋ. ನಾನು ಫೋನ್ ಮಾಡಿದರೆ ಕೇಳುವುದು ಒಂದೇ ಮಾತು: "ಈಗ ಎಲ್ಲಿದ್ದೀರಿ?" ನಮ್ಮದು ಪಾಮನಕಲ್ಲೂರಿನ ಕುರಿಗಾರರ ಮನೆ. ಮನೆ ಅನ್ನುವುದು ಹೆಸರಿಗೆ ಮಾತ್ರ, ಅದಕ್ಕೆ ಬೀಗ ಇರುವ ದಿನಗಳೇ ಹೆಚ್ಚು. ಅಪ್ಪ ಬೀರಲಿಂಗ ಮತ್ತು ಅವ್ವ ಕುರಿಗಳ ಹಿಂದೆ ಊರೂರು ತಿರುಗುತ್ತಾರೆ. ಸುಗ್ಗಿಯಾದ ಮೇಲೆ ಕಾಲುವೆ ಕಡೆಯ ಗದ್ದೆಗಳಿಗೆ, ಮಳೆ ಹಿಡಿದರೆ ಗುಡ್ಡದ ಕಡೆಗೆ. ಐದನೇ ಇಯತ್ತೆಗೆ ನನ್ನನ್ನು ಹಾಸ್ಟೆಲಿಗೆ ಬಿಟ್ಟರು. ಅಂದಿನಿಂದ ರಜೆ ಸಿಕ್ಕಾಗಲೆಲ್ಲ ನಾನು ಮನೆಗೆ ಹೋಗುವುದಿಲ್ಲ, ಮನೆ ಎಲ್ಲಿದೆ ಅಂತ ಹುಡುಕಿಕೊಂಡು ಹೋಗುತ್ತೇನೆ.

ಅದಿರಲಿ. ಸರ್ ಅಷ್ಟು ಧೈರ್ಯವಾಗಿ ಹೇಳಿದ ಆ ಡಿಫೆನ್ಸಿನ ವಿಷಯ ಹೇಳಬೇಕು.

ಎರಡು ವರ್ಷದ ಹಿಂದೆ ಸರ್ ಸಿಂಧನೂರಿಗೆ ಯಾರದೋ ಮದುವೆಗೆ ಹೊರಟಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದರೆ ಗದ್ದೆಯಲ್ಲಿ ಹೆಂಗಸರು ಭತ್ತದ ಸಸಿ ಹಚ್ಚುತ್ತಿದ್ದರು. ಉದ್ದಕ್ಕೆ ಸಾಲಾಗಿ ಬಗ್ಗಿ, ಸಸಿ ಊರಿ, ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ. ಮತ್ತೆ ಊರಿ, ಮತ್ತೆ ಹಿಂದಕ್ಕೆ. ಒಬ್ಬಳೂ ಸಾಲು ಬಿಟ್ಟು ಮುಂದಿಲ್ಲ, ಒಬ್ಬಳೂ ಹಿಂದಿಲ್ಲ. ಆ ಸಾಲಿನಲ್ಲಿ ನಮ್ಮ ಕಾಲೇಜಿನ ನಾಲ್ಕು ಹುಡುಗಿಯರು ಇದ್ದರು: ಗ್ಯಾನಮ್ಮ, ನಾಗವೇಣಿ, ಜ್ಯೋತಿ, ಮಾಸುಂಬಿ. ನಾಲ್ವರೂ ಸಂತೆಕಲ್ಲೂರಿನ ಒಂದೇ ಓಣಿಯವರು, ಸಣ್ಣಂದಿನಿಂದ ಒಂದೇ ಗುಂಪಿನಲ್ಲಿ ನಾಟಿಗೆ ಹೋಗುವವರು. ಸರ್ ಮದುವೆ ಊಟ ಸರಿಯಾಗಿ ಮಾಡಲಿಲ್ಲವಂತೆ. ಸೋಮವಾರ ಬಂದವರೇ ನಾಲ್ವರನ್ನೂ ಕರೆದು, "ಗದ್ದ್ಯಾಗ ಹೆಂಗ ನಿಲ್ತೀರಲಾ, ಹಂಗ ಗ್ರೌಂಡಿನ್ಯಾಗ ನಿಲ್ರಿ, ಉಳದದ್ದು ನಾ ನೋಡ್ಕೋತೀನಿ," ಅಂದರು.

ನಿಂತರು. ಇಂಥ ಸಾಲನ್ನು ಲಿಂಗಸುಗೂರು, ಸಿಂಧನೂರಿನ ಯಾವ ಟೀಮಿನಲ್ಲೂ ನೋಡಿರಲಿಲ್ಲ. ಆದರೆ ಒಂದು ತೊಡಕಿತ್ತು. ಅವರಿಗೆ ಹಿಂದಕ್ಕೆ ಹೋಗುವುದು ಮಾತ್ರ ಬರುತ್ತಿತ್ತು.

ಫುಟ್ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಎದುರಾಳಿಯೊಬ್ಬಳು ನಮ್ಮ ಡಿಫೆನ್ಸ್ ಸಾಲನ್ನು ದಾಟಿ ನಿಂತಿರುವಾಗ ಅವಳ ಕಡೆಯವರು ಅವಳಿಗೆ ಚೆಂಡು ಒದ್ದರೆ ಅದು ಆಫ್‌ಸೈಡ್. ರೆಫ್ರಿ ಪೀಪಿ ಊದುತ್ತಾನೆ, ಚೆಂಡು ನಮ್ಮದು. ಹಾಗಾಗಿ ಅವರು ಚೆಂಡು ಒದೆಯುವ ಗಳಿಗೆಗೆ ನಮ್ಮ ನಾಲ್ವರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟರೆ ಎದುರಾಳಿ ಬಲೆಗೆ ಬಿದ್ದ ಹಾಗೆ. ಈ ಮುಂದಿನ ಹೆಜ್ಜೆ ಇವರಿಗೆ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ನಾಟಿ ಮಾಡುವವಳ ಮುಂದೆ ಈಗ ತಾನೇ ಊರಿದ ಸಸಿ ಇರುತ್ತದೆ. ಮುಂದೆ ಕಾಲಿಟ್ಟರೆ ತಾನು ಹಚ್ಚಿದ್ದನ್ನು ತಾನೇ ತುಳಿದಂತೆ. ಅದು ಅವರ ಮೈಗೆ ಹತ್ತಿದ ಪಾಠ. ಮೊದಲ ಮ್ಯಾಚಿನಲ್ಲಿ ಎದುರಾಳಿ ಬಂದ ಹಾಗೆಲ್ಲ ನಾಲ್ವರೂ ಸಾಲು ಕೆಡದಂತೆ ಹಿಂದೆ ಹಿಂದೆ ಸರಿದು, ಕೊನೆಗೆ ಚೆಂಡು, ಅವರು, ನಾನು ಎಲ್ಲ ಸೇರಿ ಬಲೆಯೊಳಗೆ ಹೋಗಿ ಬಿದ್ದಿದ್ದೆವು. ಸರ್ ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು.

ನಾನು ಹೇಳಿದರೆ ಕೇಳಲಿ ಅಂದರೆ ನನಗೆ ಹೆಸರು ಹಿಡಿದು ಕೂಗುವುದೇ ಬರುವುದಿಲ್ಲ, ಗಂಟಲು ಕಟ್ಟುತ್ತದೆ. ಒಂದು ಸಂಜೆ ಪ್ರಾಕ್ಟೀಸಿನಲ್ಲಿ ನಾಲ್ವರೂ ಮತ್ತೆ ಹಿಂದಕ್ಕೆ ಬರತೊಡಗಿದಾಗ ಸಿಟ್ಟಿನ ಭರದಲ್ಲಿ ನನ್ನ ಬಾಯಿಂದ ಅಪ್ಪನ ಕೂಗು ಬಂದುಬಿಟ್ಟಿತು: "ಹುರ್ರ್ಯಾ ಹೋ!" ಕುರಿಗಳನ್ನು ಮುಂದಕ್ಕೆ ಅಟ್ಟುವ ಕೂಗು ಅದು. ನಾಲ್ವರೂ ಬೆಚ್ಚಿಬಿದ್ದು ಒಟ್ಟಿಗೆ ಮುಂದಕ್ಕೆ ಹಾರಿದರು. ಸರ್ ಗ್ರೌಂಡಿನ ಆ ತುದಿಯಿಂದ ಓಡುತ್ತಾ ಬಂದರು.

"ನಮ್ಮನ್ನೇನು ಕುರಿ ಮಾಡಿದೇನ ಬೇ?" ಅಂದಳು ಗ್ಯಾನಮ್ಮ. ಅವಳು ನಾಲ್ವರಲ್ಲಿ ಹಿರಿಯಳು, ಸಾಲಿನ ನಡುವೆ ನಿಲ್ಲುವವಳು. ಬೈಯುತ್ತಾಳೆ ಅಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದ ಮೂವರೂ ನಕ್ಕರು. ನಾನೂ ನಕ್ಕೆ. ಅಷ್ಟು ಮಂದಿ ಒಟ್ಟಿಗೆ ನಕ್ಕಾಗ ನಾನು ನಡುವೆ ಇದ್ದದ್ದು ಅದೇ ಮೊದಲು ಇರಬೇಕು.

ಅಂದಿನಿಂದ ಅದೇ ನಮ್ಮ ರೂಢಿಯಾಯಿತು. ಮುಂದೆ ಹೋಗಲಿಕ್ಕೆ "ಹುರ್ರ್ಯಾ ಹೋ". ಹಿಂದೆ ಬರಲಿಕ್ಕೆ ಅವರಿಗೆ ಯಾರ ಕೂಗೂ ಬೇಕಿರಲಿಲ್ಲ, ಆದರೂ ಒಂದು ಇರಲಿ ಅಂತ ಅದನ್ನೂ ಇಟ್ಟುಕೊಂಡೆವು: "ತ್ರೋ ತ್ರೋ ತ್ರೋ". ಹೊತ್ತು ಮುಳುಗುವಾಗ ಚದುರಿದ ಕುರಿಗಳನ್ನು ಅಪ್ಪ ಹಟ್ಟಿಗೆ ಕರೆಯುವುದು ಹಾಗೆ. ನಾನು ಸಣ್ಣವಳಿದ್ದಾಗ ಎಲ್ಲಿ ಆಡುತ್ತಿದ್ದರೂ ಆ ಕೂಗು ಕೇಳಿ ಕುರಿಗಳ ಜೊತೆ ಓಡಿ ಬರುತ್ತಿದ್ದೆ. ಅಪ್ಪ ನನ್ನನ್ನು ಬೇರೆಯಾಗಿ ಕರೆಯುತ್ತಿರಲಿಲ್ಲ. ಗ್ರೌಂಡಿನಲ್ಲಿ ಆ ಎರಡನೆಯ ಕೂಗನ್ನು ಬಳಸುವ ಪ್ರಸಂಗವೇ ಬರಲಿಲ್ಲ. ಹಿಂದೆ ಬರುವ ಡಿಫೆನ್ಸ್ ಯಾವ ಗೋಲ್‌ಕೀಪರಿಗೂ ಬೇಡ. ಒಳ್ಳೆಯ ಸಾಲು ಅಂದರೆ ಗೋಲಿನಿಂದ ದೂರ ಇರುವ ಸಾಲು. ಅಂದರೆ ನನ್ನಿಂದ ದೂರ.

ಎರಡು ವರ್ಷದಲ್ಲಿ ನಾನು ಅವರ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದೇನೆ. ನಾಗವೇಣಿ ಜಡೆಯನ್ನು ಮಡಚಿ ಕುತ್ತಿಗೆಯ ಹತ್ತಿರ ಕಟ್ಟುತ್ತಾಳೆ. ಜ್ಯೋತಿ ಸುಮ್ಮನೆ ನಿಲ್ಲಲಾರಳು, ಹಿಮ್ಮಡಿ ಮೇಲೆ ತೂಗುತ್ತಿರುತ್ತಾಳೆ. ಮಾಸುಂಬಿ ಹೆದರಿದಾಗ ಎಡಗಾಲಿನಿಂದ ಬಲಗಾಲನ್ನು ತುರಿಸಿಕೊಳ್ಳುತ್ತಾಳೆ. ಗ್ಯಾನಮ್ಮನ ಒಂದು ಭುಜ ಸ್ವಲ್ಪ ಇಳಿದಿದೆ, ಸಸಿ ಕಟ್ಟು ಹಿಡಿದು ಹಿಡಿದು ಹಾಗಾಗಿದೆ. ಆಟ ಮುಗಿದ ಮೇಲೆ ಅವರು ನಾಲ್ವರೂ ಕೂಡಿ ಸಂತೆಕಲ್ಲೂರಿನ ಟಂಟಂ ಆಟೋ ಹಿಡಿಯಲು ಓಡುತ್ತಿದ್ದರು, ನಾನು ಹಾಸ್ಟೆಲಿಗೆ ಬರುತ್ತಿದ್ದೆ. ಅವರು ನನ್ನ ಗೆಳತಿಯರೋ ಅಲ್ಲವೋ ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ. ನನಗೆ ಅಷ್ಟು ಗೊತ್ತಿತ್ತು: ಜಗತ್ತಿನಲ್ಲಿ ನಾನು ಕೂಗಿದರೆ ಕದಲುವ ಜನ ನಾಲ್ವರಿದ್ದಾರೆ. ಈ ಸೀಸನ್ ಮುಗಿದರೆ ಡಿಗ್ರಿ ಮುಗಿಯುತ್ತದೆ, ಆಮೇಲೆ ಅವರೂ ಇರುವುದಿಲ್ಲ. ಅದಕ್ಕೇ ನನಗೆ ಈ ಸೀಸನ್ ಬೇಕಾಗಿತ್ತು. ಕಪ್ ಸರ್‌ಗೆ ಇರಲಿ.

ಆದರೆ ಈ ವರ್ಷ ಕಾಲುವೆಗೆ ನೀರು ತಡವಾಗಿ ಬಂತು.

ಬೇರೆ ವರ್ಷಗಳಲ್ಲಿ ನಾಟಿ ಮುಗಿದು ಗದ್ದೆ ಹಸಿರಾದ ಮೇಲೆ ಪಂದ್ಯಾವಳಿ ಬರುತ್ತಿತ್ತು. ನಾಟಿಯಿಂದ ಬಂದ ಹುಡುಗಿಯರ ಕಾಲು ಕಲ್ಲಿನಂತೆ ಗಟ್ಟಿಯಾಗಿರುತ್ತಿದ್ದವು, ಸರ್ ಖುಷಿಪಡುತ್ತಿದ್ದರು. ಈ ಸಲ ಪಂದ್ಯಾವಳಿಯನ್ನು ಯಾರೋ ದೊಡ್ಡವರು ಮುಂಚಿತವಾಗಿ ಇಟ್ಟರು, ನೀರನ್ನು ಯಾರೋ ದೊಡ್ಡವರು ತಡವಾಗಿ ಬಿಟ್ಟರು. ಎರಡೂ ಒಂದೇ ವಾರಕ್ಕೆ ಬಂದು ನಿಂತವು. ಈ ದೊಡ್ಡವರೆಲ್ಲ ಒಮ್ಮೆ ಒಂದು ಕಡೆ ಕೂತು ಚಹಾ ಕುಡಿದರೆ ಏನು ಗಂಟು ಹೋಗುತ್ತದೋ ನಾನು ಕಾಣೆ.

ನೀರು ಬಂದ ಮರುದಿನವೇ ಸಂತೆಕಲ್ಲೂರಿನ ಗುಂಪು ಟ್ರ್ಯಾಕ್ಟರ್ ಹತ್ತಿ ಸಿಂಧನೂರು ಕಡೆಯ ಗೊರೇಬಾಳಕ್ಕೆ ನಾಟಿಗೆ ಹೋಯಿತು. ನಮ್ಮ ನಾಲ್ವರೂ ಹೋದರು. ಹೋಗುತ್ತೇವೆ ಅಂತ ನನಗೆ ಹೇಳಲಿಲ್ಲ. ಗ್ಯಾನಮ್ಮನಿಗೆ ಫೋನ್ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ನಾಗವೇಣಿಯೂ ಎತ್ತಲಿಲ್ಲ. ಮಾಸುಂಬಿಯದು ಒಮ್ಮೆ ಎತ್ತಿದ ಹಾಗಾಗಿ, ನೀರಿನ ಸಪ್ಪಳ, ಹೆಂಗಸರ ನಗು ಕೇಳಿ, ಕಟ್ಟಾಯಿತು. ಆ ನಗು ನನಗೆ ಬಹಳ ಚುಚ್ಚಿತು. ಅಲ್ಲಿ ನಗಲಿಕ್ಕೆ ಅವರಿಗೆ ಮಂದಿ ಇದ್ದಾರೆ, ನಾನು ಯಾಕೆ ನೆನಪಾಗಬೇಕು ಅಂದುಕೊಂಡೆ. ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಅವತ್ತು ನನ್ನ ಎದುರಿನ ಬೆಂಚು ಖಾಲಿ ಇತ್ತು. ಯಾವಾಗಲೂ ಖಾಲಿಯೇ ಇರುತ್ತದೆ, ಅವತ್ತು ಅದು ಕಣ್ಣಿಗೆ ಬಿತ್ತು ಅಷ್ಟೇ.

ಸರ್ ಸುಲಭಕ್ಕೆ ಸೋಲೊಪ್ಪುವವರಲ್ಲ. ಖೋಖೋ ಟೀಮಿನಿಂದ ಮಹೆಕ್ ಮತ್ತು ಇನ್ನೂ ಮೂವರನ್ನು ಎಳೆದು ತಂದು ಡಿಫೆನ್ಸಿನಲ್ಲಿ ನಿಲ್ಲಿಸಿದರು. ಒಳ್ಳೆಯ ಹುಡುಗಿಯರು, ಚುರುಕಾಗಿ ಓಡುತ್ತಾರೆ. ಓಡುವುದೇ ತೊಂದರೆ. ನಾಲ್ವರು ನಾಲ್ಕು ದಿಕ್ಕಿಗೆ ಓಡಿದರೆ ಅದು ಖೋಖೋಗೆ ಚೆಂದ. ಲಿಂಗಸುಗೂರಿನಲ್ಲಿ ಒಂದು ಸ್ನೇಹದ ಮ್ಯಾಚು ಆಡಿಸಿದರು, ಪಂದ್ಯಾವಳಿಗೆ ಮೊದಲು ಮೈ ಬಿಸಿಯಾಗಲಿ ಅಂತ. ಎದುರಾಳಿ ನುಗ್ಗಿ ಬಂದಾಗ ನಾನು ಅಭ್ಯಾಸಬಲದಿಂದ "ಹುರ್ರ್ಯಾ ಹೋ!" ಅಂತ ಕೂಗಿದೆ. ನಾಲ್ವರೂ ಆಟ ಬಿಟ್ಟು ತಿರುಗಿ ನನ್ನನ್ನು ನೋಡಿದರು.

"ಅಕ್ಕಾ, ಯಾರನ್ನ ಕರಿಯಾಕತ್ತೀ?" ಅಂತ ಮಹೆಕ್ ಕೇಳುವಷ್ಟರಲ್ಲಿ ಚೆಂಡು ನನ್ನ ಕಿವಿಯ ಪಕ್ಕದಿಂದ ಬಲೆಗೆ ಹೋಗಿತ್ತು. ಕಾಂಪೌಂಡಿನ ಮೇಲೆ ಕೂತಿದ್ದ ಹುಡುಗರು "ಬ್ಯಾ... ಬ್ಯಾ..." ಅಂತ ಕೂಗಿದರು. ಆಟ ಮುಗಿಯುವ ತನಕ ಕೂಗುತ್ತಲೇ ಇದ್ದರು. ಆಮೇಲೆ ಎಷ್ಟು ಗೋಲು ಬಿದ್ದವು ಅಂತ ಸರ್ ಯಾರಿಗೂ ಹೇಳಬೇಡಿ ಅಂದಿದ್ದಾರೆ, ಹಾಗಾಗಿ ಹೇಳುವುದಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಖೋಖೋ ಹುಡುಗಿಯರು ಅಂತಾಕ್ಷರಿ ಆಡಿದರು. ನಾನು ಕಿಟಕಿಗೆ ತಲೆಯಾನಿಸಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ. ನನಗೆ ಅಳು ಬಂದಿತ್ತು, ಅದು ಯಾರಿಗೂ ಕಾಣುವುದು ಬೇಕಿರಲಿಲ್ಲ.

ಪಂದ್ಯಾವಳಿಯ ನಮ್ಮ ಮೊದಲ ಮ್ಯಾಚಿಗೆ ಒಂದು ದಿನ ಉಳಿದಿತ್ತು. ಬೆಳಿಗ್ಗೆ ಸರ್ ಹಾಸ್ಟೆಲಿನ ಗೇಟಿಗೇ ಬಂದರು.

"ನೋಡವಾ, ಗೊರೇಬಾಳಕ್ಕ ಹೋಗಿ ಅವರನ್ನ ಕರ್ಕೊಂಡ ಬಾ. ಒಂದ ದಿನ ಬಂದು ಆಡಿ ಹೋಗ್ಲಿ. ನಾ ಹೋದ್ರ ಗುಂಪಿನವ್ರು ನನ್ನ ಕೂಡ ಜಗಳಾಕ ನಿಲ್ತಾರ. ನೀ ಅಂದ್ರ ಅವರ ಗೆಳತಿ, ನಿನ್ನ ಮಾತು ಮೀರಂಗಿಲ್ಲ."

ಗೆಳತಿ ಅಂತ ಸರ್ ಎಷ್ಟು ಸಲೀಸಾಗಿ ಅಂದುಬಿಟ್ಟರು! ನಾನು ಮತ್ತೆ "ಹೂಂ" ಅಂದೆ.

ಮಸ್ಕಿಯಿಂದ ಸಿಂಧನೂರಿಗೆ ಬಸ್ಸು. ಮಸ್ಕಿ ಕಡೆ ಎರೆಹೊಲದಲ್ಲಿ ತೊಗರಿ ಇನ್ನೂ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಕಾಲುವೆ ದಾಟಿದ ಮೇಲೆ ಎರಡೂ ಕಡೆ ನೀರು ನಿಂತ ಗದ್ದೆಗಳು, ಮೋಡದ ಬೆಳಕಿಗೆ ಹೊಳೆಯುತ್ತಿದ್ದವು. ಬಸ್ಸಿನಲ್ಲಿ ಅಪ್ಪನ ಫೋನ್ ಬಂತು. "ಈಗ ಎಲ್ಲಿದ್ದೀರಿ?" ಅಂದೆ. "ಮುದಗಲ್ಲ ಕಡೀಗೆ ಗುಡ್ಡದಾಗ ಅದೀವಿ. ನೀ ಎಲ್ಲಿದ್ದಿ? ಏನ್ ಬಸ್ಸಿನ ಸಪ್ಪಳ ಬರಾಕತ್ತೈತಿ?" ಅಂದ ಅಪ್ಪ. ಎಲ್ಲಿದ್ದೀ ಅಂತ ನನ್ನನ್ನು ಯಾರಾದರೂ ಕೇಳಿದ್ದು ಎಷ್ಟು ದಿನಗಳ ಮೇಲೋ. ಗೊರೇಬಾಳಕ್ಕೆ ಗೆಳತಿಯರನ್ನು ಕರೆತರಲು ಹೊರಟಿದ್ದೇನೆ ಅಂತ ಹೇಳಿದೆ. ಗೆಳತಿಯರು ಅನ್ನುವ ಮಾತನ್ನು ಬಾಯಿಂದ ಆಡಿ ನೋಡಿದೆ. ಪರವಾಗಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ.

ಸಿಂಧನೂರಿನಲ್ಲಿ ಟಂಟಂ ಹತ್ತಿ ಗೊರೇಬಾಳದಲ್ಲಿ ಇಳಿದು, ಸಂತೆಕಲ್ಲೂರಿನವರ ಗುಂಪು ಎಲ್ಲಿ ಅಂತ ಕೇಳಿಕೊಂಡು ಕಾಲುವೆ ಏರಿ ಹಿಡಿದು ನಡೆದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ. ಸರ್ ಹೇಳ್ಯಾರ ಅನ್ನಲೋ, ಒಂದೇ ದಿನ ಬರ್ರಿ ಅನ್ನಲೋ, ನೀವಿಲ್ಲದೆ ನನಗೆ ಆಗುತ್ತಿಲ್ಲ ಅನ್ನಲೋ. ಮೂರನೆಯದು ನಿಜ. ಆದ್ದರಿಂದ ಅದನ್ನು ಹೇಳುವುದು ಸಾಧ್ಯವೇ ಇರಲಿಲ್ಲ.

ಒಡ್ಡಿನ ಮೇಲೆ ಬಂದು ನಿಂತಾಗ ಸಾಲು ನನ್ನ ಎದುರಿಗೇ ಇತ್ತು. ಎದುರಿಗೆ ಅಂದರೆ ಬೆನ್ನು. ಹೆಂಗಸರೆಲ್ಲ ಆ ಕಡೆಗೆ ಮುಖ ಮಾಡಿ ಬಗ್ಗಿ, ಸಸಿ ಊರುತ್ತಾ ನಾನು ನಿಂತ ಒಡ್ಡಿನ ಕಡೆಗೆ ಹಿಂದೆ ಹಿಂದೆ ಬರುತ್ತಿದ್ದರು. ಎಲ್ಲರೂ ಸೀರೆ, ಲಂಗದ ಮೇಲೆ ಹಳೆಯ ಗಂಡಸರ ಅಂಗಿ ತೊಟ್ಟಿದ್ದರು, ತಲೆಗೆ ಟವೆಲ್. ಬೇರೆ ಯಾರಿಗಾದರೂ ಒಬ್ಬಳೂ ಗುರುತು ಸಿಗುತ್ತಿರಲಿಲ್ಲ. ನಾನು ನಾಲ್ವರನ್ನೂ ಕ್ಷಣದಲ್ಲಿ ಹಿಡಿದೆ. ಇಳಿದ ಭುಜ ಅಲ್ಲಿ. ಟವೆಲಿನ ಕೆಳಗೆ ಮಡಚಿದ ಜಡೆ ಅಲ್ಲಿ. ಕೆಸರಿನಲ್ಲಿಯೂ ಹಿಮ್ಮಡಿ ಮೇಲೆ ತೂಗುವವಳು, ಅವಳ ಪಕ್ಕದಲ್ಲಿ ಮಾಸುಂಬಿ. ಗ್ರೌಂಡಿನಲ್ಲಿ ಗೋಲಿನ ಮುಂದೆ ನಿಂತ ಹಾಗೇ ಅನ್ನಿಸಿತು.

ಹೆಸರು ಹಿಡಿದು ಕರೆಯಬೇಕು. "ಗ್ಯಾನಮ್ಮ" ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಅಷ್ಟು ಹೆಂಗಸರು ತಿರುಗಿ ನೋಡುತ್ತಾರೆ, ಇವಳ್ಯಾರು ಅನ್ನುತ್ತಾರೆ, ಗ್ಯಾನಮ್ಮನೂ ಯಾಕೆ ಬಂದೆ ಅಂತ ಕೇಳಿದರೆ? ನಾನು ತಡೆಯುವ ಮೊದಲೇ, ಬರುವುದು ಬಂದುಬಿಟ್ಟಿತು.

"ಹುರ್ರ್ಯಾ ಹೋ!"

ಉದ್ದ ಸಾಲಿನಲ್ಲಿ ಯಾರೂ ಅಲುಗಲಿಲ್ಲ. ನಾಲ್ವರು ಮಾತ್ರ, ಒಟ್ಟಿಗೆ, ಒಂದು ಹೆಜ್ಜೆ ಮುಂದಕ್ಕೆ ಇಟ್ಟರು. ಈಗ ತಾನೇ ಊರಿದ ಸಸಿಯ ಮೇಲೆ ಪಚಕ್ಕನೆ ಕಾಲು ಊರಿ ನಿಂತುಬಿಟ್ಟರು.

ಆಮೇಲೆ ಎದ್ದ ಗಲಾಟೆ ಹೇಳತೀರದು. "ಹೆಚ್ಚಾತೇನ ಇವಕ್ಕ? ಹಚ್ಚಿದ್ದನ್ನ ತುಳ್ಯಾಕತ್ತಾವ!" ಅಂತ ಹೆಂಗಸರೆಲ್ಲ ಸೊಂಟ ಎತ್ತಿ ನಿಂತು ಬೈಯತೊಡಗಿದರು. ಹುಟ್ಟಿದಾರಭ್ಯ ನಾಟಿ ಮಾಡಿದ ಹುಡುಗಿಯರು ಇಂಥ ತಪ್ಪು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ವರೂ ತಮ್ಮ ಕಾಲನ್ನು ತಾವೇ ನೋಡಿಕೊಂಡರು. ಆಮೇಲೆ ಗ್ಯಾನಮ್ಮ ನಿಧಾನಕ್ಕೆ ಹಿಂತಿರುಗಿ ನೋಡಿದಳು.

"ಮೌನೀ!" ಅಂದಳು. "ಲೇ, ಮೌನಿ ಬಂದಾಳಲೇ!"

ನಾಲ್ವರೂ ಕೆಸರಿನಲ್ಲಿ ನಿಂತು ನಕ್ಕ ನಗುವಿಗೆ ಪಕ್ಕದ ಗದ್ದೆಯ ಕೊಕ್ಕರೆಗಳು ಎದ್ದು ಹೋದವು. ನಾನು ಒಡ್ಡಿನ ಮೇಲೆ ನಿಂತು ಅಳುತ್ತಿದ್ದೆ. ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಗುಂಪಿನ ಹಿರಿಯಳು ಶಂಶಾದ್‌ಬೀ, ಮಾಸುಂಬಿಯ ಸೋದರತ್ತೆ. ಅವಳು ಮಾತ್ರ ನಗಲಿಲ್ಲ. "ಯಾವಾಕಿ ಆಕಿ, ಸಸಿ ತುಳಿಸಿದಾಕಿ?" ಅಂತ ಕೇಳಿದಳು. ಗ್ಯಾನಮ್ಮ ಕೆಸರುಗಾಲಿನಲ್ಲಿ ಒಡ್ಡಿನ ಹತ್ತಿರ ಬಂದಳು. ಬಂದದ್ದು ಯಾಕೆ ಅಂತ ಹೇಳಿದೆ. ಸರ್ ಹೇಳಿದ್ದು, ನಾಳೆ ಲಿಂಗಸುಗೂರಿನಲ್ಲಿ ಮ್ಯಾಚಿರುವುದು, ಖೋಖೋ ಹುಡುಗಿಯರು, ಕಾಂಪೌಂಡಿನ ಮೇಲಿನವರ ಬ್ಯಾ ಬ್ಯಾ, ಎಲ್ಲ. ಅಷ್ಟು ಮಾತು ನಾನು ಒಂದೇ ಸಲ ಆಡಿದ್ದು ಕಂಡು ಅವಳಿಗೇ ಗಾಬರಿಯಾಗಿರಬೇಕು. ಕೇಳಿಸಿಕೊಂಡು ಕೈಯ ಕೆಸರು ಸವರಿಕೊಂಡಳು.

"ಬರಾಕ ಆಗಂಗಿಲ್ಲ ಮೌನಿ," ಅಂದಳು. "ಗುಂಪು ಇಳಿಯೂ ದಿನ ಎಲ್ಲಾರೂ ಒಂದ ಕಟ್ಟಿನ ಸಸಿ ಮುಟ್ಟಿ ನಮಸ್ಕಾರ ಮಾಡಿ ಕೆಸರಿಗೆ ಕಾಲಿಡ್ತೀವಿ. ಕಡೀ ಗದ್ದಿ ಮುಗಿಯೂತನ ಯಾರೂ ಏಳಂಗಿಲ್ಲ. ನಾವು ನಾಕು ಮಂದಿ ಎದ್ರ ನಮ್ಮ ಪಾಲು ಉಳದವ್ರು ಹಚ್ಚಬೇಕು. ನೋಡು ಅಲ್ಲಿ, ಬಾಣಂತನ ಮುಗಿಸಿ ಬಂದಾಕಿ ಅದಾಳ, ಸೊಂಟ ಹಿಡದಾಕಿ ಅದಾಳ. ಅವರ ಬೆನ್ನ ಮ್ಯಾಲ ಹಾಕಿ ನಾವು ಆಟಕ್ಕ ಹೆಂಗ ಬರೋದು ಹೇಳು."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲಿಕ್ಕೆ ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ. "ಅದನ್ನ ಫೋನಿನ್ಯಾಗ ಹೇಳಬೇಕಿಲ್ಲೇನು? ಎಷ್ಟು ಸಲ ಮಾಡೀನಿ! ಒಬ್ಬಾಕಿನರ ಎತ್ತಿದ್ರೇನು?" ಅಂತ ಸಿಟ್ಟು ಮಾಡಿದೆ.

"ಎತ್ತಿದ್ರ ನಿನ್ನ ಧ್ವನಿ ಕೇಳಿ ಬಂದಬಿಡ್ತಿದ್ವಿ," ಅಂದಳು ಗ್ಯಾನಮ್ಮ. "ಅದಕ್ಕ ಎತ್ತಲಿಲ್ಲ. ಈಗ ನೋಡಿದಿಲ್ಲ, ಸಸಿ ಸೈತ ಕಾಣಲಿಲ್ಲ ನಮಗ."

ಸೀಸನ್ ಹೋಯಿತು ಅಂತ ಆ ಕ್ಷಣಕ್ಕೆ ನನಗೆ ಖಚಿತವಾಯಿತು. ಅದರ ಜೊತೆಗೇ ಇನ್ನೊಂದೇನೋ ನನ್ನ ಕೈಗೆ ಬಂದು ಕೂತಿತ್ತು, ಅದನ್ನು ಹಿಡಿಯಲು ನನಗೆ ಬರುತ್ತಿರಲಿಲ್ಲ.

"ಮಾತು ಮುಗೀತೇನು?" ಅಂತ ಶಂಶಾದ್‌ಬೀ ಅಲ್ಲಿಂದಲೇ ಕೂಗಿದಳು. "ತುಳಿಸಿದಾಕಿ ಇಳದು ಹಚ್ಚಿ ಹೋಗಬೇಕು. ನಮ್ಮ ಗುಂಪಿನ್ಯಾಗ ಇದ ಕಾನೂನು. ಯಾರ ಮಗಳಾದ್ರೇನು!"

ಚಪ್ಪಲಿ ಒಡ್ಡಿನ ಮೇಲೆ ಬಿಟ್ಟು ಇಳಿದೆ. ಕೆಸರು ಮೀನಖಂಡದ ತನಕ ತಣ್ಣಗೆ ಹಿಡಿದುಕೊಂಡಿತು. ತುಳಿದ ಸಸಿಗಳನ್ನು ಕಿತ್ತು ಹೊಸದನ್ನು ಊರುವುದನ್ನು ನಾಗವೇಣಿ ತೋರಿಸಿಕೊಟ್ಟಳು. ನಾನು ಊರಿದ್ದು ಕೈ ಬಿಟ್ಟ ಕೂಡಲೇ ಮಲಗುತ್ತಿತ್ತು. ಶಂಶಾದ್‌ಬೀ ನೋಡಿ, "ಕುರಿ ಕಾಯೋರ ಕೈ ಇದು," ಅಂದು, ಈ ಗದ್ದೆಮಡಿ ಮುಗಿಯುವ ತನಕ ಇಲ್ಲೇ ಇದ್ದು ಕಲಿತು ಹೋಗು ಅಂತ ಗ್ಯಾನಮ್ಮ ಮತ್ತು ಜ್ಯೋತಿಯ ನಡುವೆ ನನ್ನನ್ನು ನಿಲ್ಲಿಸಿದಳು. ಇಬ್ಬರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡಿದರು.

ಎರಡು ವರ್ಷ ನೋಡಿದ ಸಾಲಿನೊಳಗೆ ನಾನು ನಿಂತದ್ದು ಅದೇ ಮೊದಲು. ಒಳಗಿನಿಂದ ಅದು ಬೇರೆಯೇ. ಬೆನ್ನು ಕಾಣುವುದಿಲ್ಲ. ಪಕ್ಕದವರ ಕೈ ಕಾಣುತ್ತದೆ, ಉಸಿರು ಕೇಳುತ್ತದೆ, ಬೆವರಿನ ವಾಸನೆ ಬರುತ್ತದೆ. ನಾನು ಹೆಜ್ಜೆ ಇಡುವಾಗಲೆಲ್ಲ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಸಾಲಿನ ಹಿಂದಕ್ಕೆ ಏನು ಬರುತ್ತಿದೆ ಅಂತ ನೋಡುವುದೇ ನನ್ನ ಕೆಲಸವಾಗಿತ್ತಲ್ಲ, ಇಷ್ಟು ವರ್ಷ.

"ಹಿಂದ ಏನ್ ನೋಡ್ತೀ ಬೇ?" ಅಂದಳು ಜ್ಯೋತಿ. "ಏನಿಲ್ಲ ಅಲ್ಲಿ, ಕೆಸರೈತಿ. ಆಜೂಬಾಜೂದವ್ರು ಸರದ್ರ ನೀನೂ ಸರಿ, ಮುಗೀತು."

ಆಮೇಲೆ ನೋಡಲಿಲ್ಲ. ಅವರು ಸರಿದರೆ ಸರಿದೆ. ಸೊಂಟ ನೋವಾಯಿತು, ಬೆರಳ ಸಂದಿ ಉರಿಯಿತು. ಸಾಲಿನ ಆ ತುದಿಯಲ್ಲಿ ಯಾರೋ ತಮ್ಮ ಅತ್ತೆಯನ್ನು ಬೈಯುತ್ತಿದ್ದರು, ಈ ತುದಿಯಲ್ಲಿ ಯಾರೋ ನಗುತ್ತಿದ್ದರು, ಎಲ್ಲ ನನ್ನ ಮೂಲಕ ಹಾದು ಹೋಗುತ್ತಿತ್ತು. ನಾನು ಒಂದು ಮಾತೂ ಆಡಲಿಲ್ಲ, ಆದರೂ ಯಾರಿಗೂ ನಾನು ಸುಮ್ಮನಿದ್ದೇನೆ ಅನ್ನಿಸಲಿಲ್ಲ. ಫೋನಿನಲ್ಲಿ ಕೇಳಿ ನನಗೆ ಚುಚ್ಚಿದ್ದ ನಗು ಇದೇ ಇರಬೇಕು.

ಬುತ್ತಿ ಬಿಚ್ಚಿದಾಗ ಅವರ ರೊಟ್ಟಿಯಲ್ಲೇ ಉಂಡೆ. ಆ ಮಡಿ ಮುಗಿದು ಪಕ್ಕದ ಮಡಿಗೆ ಇಳಿದಾಗಲೂ ಏಳಲಿಲ್ಲ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ನಿಂತೆ. ಕೊನೆಗೆ ಗ್ಯಾನಮ್ಮನೇ, "ಹೊತ್ತಾತು, ಮಸ್ಕಿ ಬಸ್ಸು ತಪ್ಪತೈತಿ. ನಾಳಿಗೆ ಮ್ಯಾಚೈತಿ ನಿನಗ," ಅಂದಳು. ನಿನಗೆ ಅಂದಳು, ನಮಗೆ ಅನ್ನಲಿಲ್ಲ.

ಸೊಂಟ ಎತ್ತಿ, ಕೆಸರು ಕಿತ್ತುಕೊಂಡು, ಸಾಲಿನ ಹಿಂದೆ ಒಡ್ಡಿನ ಮೇಲೆ ಬಂದು ನಿಂತೆ. ಕಾಲುವೆಯ ನೀರಿನಲ್ಲಿ ಕಾಲು ತೊಳೆದು ಚಪ್ಪಲಿ ಮೆಟ್ಟುವಷ್ಟರಲ್ಲಿ ತಿರುಗಿ ನೋಡಿದರೆ, ಗ್ಯಾನಮ್ಮ ಒಂದಿಷ್ಟು ಈ ಕಡೆ, ಜ್ಯೋತಿ ಒಂದಿಷ್ಟು ಆ ಕಡೆ ಸರಿದು ನನ್ನ ಜಾಗ ಮುಚ್ಚಿಹೋಗಿತ್ತು. ಯಾರದೂ ತಪ್ಪಲ್ಲ. ಸಾಲಿನಲ್ಲಿ ಖಾಲಿ ಬಿಟ್ಟರೆ ಅಷ್ಟಗಲ ಭತ್ತ ಬೆಳೆಯುವುದಿಲ್ಲ. ಆದರೂ ನಾನು ನಿಂತಿದ್ದ ಗುರುತು ಒಂದು ಗಳಿಗೆಯಾದರೂ ಇರಬಾರದೇ ಅನ್ನಿಸಿತು.

ಮರುದಿನದ ಮ್ಯಾಚಿನ ಸುದ್ದಿ ಇಲ್ಲೇ ಹೇಳಿ ಮುಗಿಸುತ್ತೇನೆ. ಸೋತೆವು. ಮೊದಲ ಮ್ಯಾಚಿನಲ್ಲೇ ಸೋತು ಹೊರಬಿದ್ದೆವು. ನಾನು ಮಹೆಕ್‌ಳನ್ನು ಹೆಸರು ಹಿಡಿದು ಕೂಗಲು ನೋಡಿದೆ, ಅವಳೂ ಪಾಪ ಓಡಿದಳು. ಪ್ರಿನ್ಸಿಪಾಲರ ಕಪಾಟಿನಲ್ಲಿ ಮಾಡಿದ್ದ ಜಾಗದಲ್ಲಿ ಈಗ ಚಾಕ್‌ಪೀಸಿನ ಡಬ್ಬಿಗಳಿವೆ. ಪತ್ರಿಕೆಯವನು ಮತ್ತೆ ಬರಲಿಲ್ಲ.

ಅವತ್ತು ಒಡ್ಡಿನ ಮೇಲೆ ನಿಂತಾಗ ಇದೆಲ್ಲ ಆಗುವುದು ನನಗೆ ಗೊತ್ತೇ ಇತ್ತು. ಬಸ್ಸಿಗೆ ಹೊತ್ತಾಗುತ್ತಿತ್ತು. ಹೋಗಿ ಬರುತ್ತೇನೆ ಅನ್ನಬೇಕು. ಅವರು ಆಗಲೇ ಬಗ್ಗಿದ್ದರು, ಮತ್ತೆ ಅದೇ ಬೆನ್ನುಗಳು. ಮುಂದೆ ಹೋಗುವ ಕೂಗು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಪಾಪ, ಸಸಿ ಹಾಳಾಗುತ್ತದೆ. ಅದಲ್ಲದೆ ಎರಡು ವರ್ಷ ಕೂಗಿ ಕೂಗಿ ಅವರನ್ನು ನನ್ನಿಂದ ದೂರ ದೂರ ಕಳಿಸಿದ್ದು ಸಾಕಾಗಿತ್ತು.

ಎರಡೂ ಕೈ ಬಾಯಿಗೆ ಹಿಡಿದು, ಅಪ್ಪ ಹೊತ್ತು ಮುಳುಗುವಾಗ ಕರೆಯುವ ಹಾಗೆ ಕರೆದೆ.

"ತ್ರೋ... ತ್ರೋ... ತ್ರೋ..."

ಗ್ಯಾನಮ್ಮ, ನಾಗವೇಣಿ, ಜ್ಯೋತಿ, ಮಾಸುಂಬಿ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಪಕ್ಕದವರು ಸರಿದರಲ್ಲ ಅಂತ ಅವರ ಪಕ್ಕದವರೂ ಸರಿದರು, ಅವರ ಪಕ್ಕದವರೂ, ಆ ತುದಿಯ ಶಂಶಾದ್‌ಬೀ ತನಕ. ಇಡೀ ಸಾಲು ಒಂದು ಹೆಜ್ಜೆ ನನ್ನ ಕಡೆಗೆ ಬಂತು. ಬಗ್ಗಿ ಸಸಿ ಊರತೊಡಗಿತು.

ನಾನು ಟಂಟಂ ಸಿಗುವ ಕಡೆ ನಡೆದೆ.